ಹೊಸಬನ ಸರದಿ

ಬೆಂಕಿ ಆರಿಸುವವರ ಮನೆಯಲ್ಲಿ
ಭಾನುವಾರ ಒಲೆ ಹೊತ್ತಿಸುವುದು ಹೊಸಬನ ಕೆಲಸ.
ಪ್ರಾವಿಡೆನ್ಸಿನ ಈ ಠಾಣೆಯ ಕಟ್ಟಳೆ ಅದು,
ಯಾರೂ ಬರೆದಿಟ್ಟದ್ದಲ್ಲ.
ಮಂದಿ ಒಂಬತ್ತು. ಸ್ಪಗೆಟಿ, ಕೈಮದ ಉಂಡೆ.
ಬೇರೆ ಏನಾದರೂ ಮಾಡಲೇ ಅಂತ ಕೇಳಿದ್ದಕ್ಕೆ
ಬುಸಾಕ್ಕಾ ಪೇಪರಿನಿಂದ ತಲೆ ಎತ್ತಲೂ ಇಲ್ಲ.

ನಾನು ಕೇಪ್ ವರ್ಡಿಯವರ ಪೈಕಿ.
ನಮ್ಮಮ್ಮನ ಪಾತ್ರೆಯಲ್ಲಿ ಬೇಯುವುದು
ಮುಸುಕಿನ ಜೋಳ, ಕಾಳು, ಹಂದಿಯ ಕಾಲು.
ಎಳೆ ಎಳೆಯಾದದ್ದು ನಮ್ಮಲ್ಲಿ ಏನೂ ಇಲ್ಲ.
ಫೋನ್ ಮಾಡಿದರೆ ನಕ್ಕಳು:
"ಉಂಡೆ ತಾನೇ, ಕಟ್ಟು. ಒಡೆದರೆ ಸಾರು ಅನ್ನು."

ಮೂರು ಕಿಲೊ ಕೊಚ್ಚಿದ ಮಾಂಸ,
ಅರ್ಧ ದನದ್ದು, ಅರ್ಧ ಹಂದಿಯದು.
ಹಳೇ ಬ್ರೆಡ್ಡು ನಲ್ಲಿ ನೀರಲ್ಲಿ ನೆನೆಸಿ ಹಿಂಡಿದೆ.
ಮೊಟ್ಟೆ. ತುರಿದ ಚೀಸು.
ಬೆಳ್ಳುಳ್ಳಿ, ಉಗುರ ಸಂದಿ ಉರಿಯುವಷ್ಟು.
ಮೊದಲ ಉಂಡೆ ಲಿಂಬೆಯಷ್ಟು,
ಎರಡನೆಯದು ಮಂಡಿಚಿಪ್ಪಿನಷ್ಟು,
ಹತ್ತನೆಯದರ ಹೊತ್ತಿಗೆ
ಅಂಗೈಗೆ ತನ್ನ ಗುಳಿ ಎಲ್ಲಿದೆಯೆಂದು ಗೊತ್ತಾಯಿತು.
ಎಣ್ಣೆಗೆ ಬಿಟ್ಟೆ. ಚುರ್ರೆಂದು ಬೈದವು.
ತಿರುಗಿಸುವ ಆತುರಕ್ಕೆ ಎರಡು ಒಡೆದು ಹೋದವು,
ಯಾರೂ ನೋಡದಿರುವಾಗ ಬಾಯಿಗೆ ಹಾಕಿಕೊಂಡು
ನಾಲಿಗೆ ಸುಟ್ಟುಕೊಂಡೆ.

ಟೊಮೆಟೊ ಗೊಜ್ಜು ಮೂರು ಗಂಟೆ ಕುದಿಯಿತು,
ಗೋಡೆಗೆಲ್ಲ ಕೆಂಪು ಚುಕ್ಕಿ ಇಟ್ಟಿತು.
ಕ್ಯಾಪ್ಟನ್ ಕ್ವಿಗ್ಲಿ ಬಂದ, ಬ್ರೆಡ್ಡಿನ ತುದಿ ಅದ್ದಿದ,
"ಉಪ್ಪು" ಅಂದು ಹೊರಟುಹೋದ.
ಬೇಕು ಅಂದನೋ, ಹೆಚ್ಚಾಯಿತು ಅಂದನೋ.

ನೀರು ಮರಳಿತು. ಸ್ಪಗೆಟಿಯ ಕಂತೆ ಬಿಟ್ಟೆ.
ಸೆಟೆದು ನಿಂತಿದ್ದು
ಮೆಲ್ಲಗೆ ಸೊಂಟ ಬಾಗಿಸಿ, ಕೂತು, ಮುಳುಗಿತು.
ಆಗ ಗಂಟೆ ಹೊಡೆಯಿತು.

ಒಲೆ ಆರಿಸಿದೆ. ಅಷ್ಟು ಕಲಿಸಿದ್ದಾರೆ.
ಬೂಟು, ಕೋಟು,
ಕಂಬ ಜಾರುವಾಗ ಅಂಗೈಯೆಲ್ಲ ಎಣ್ಣೆ.

ಮರದ ಮನೆ, ಮೂರನೇ ಮಹಡಿ.
ಹೊಗೆ ಮೆಟ್ಟಿಲಿಳಿದು ಬಂದು ನಮ್ಮನ್ನು ಎದುರುಗೊಂಡಿತು.
ಮುದುಕಿಯನ್ನು ಹೆಗಲಿಗೆ ಹಾಕಿಕೊಂಡೆ.
ಒಂದು ಮೂಟೆ ಹತ್ತಿಯ ಭಾರ, ಒಂದೇ ಚಪ್ಪಲಿ.
ಬೀದಿಯ ಹಿಮದಲ್ಲಿ ಕೂರಿಸಿ, ಕೈಗವುಸು ಕಿತ್ತೆಸೆದು
ಮುಖಕ್ಕೆ ಆಕ್ಸಿಜನ್ ಹಿಡಿದೆ.
ಅಸುಂತಾ. ಹೆಸರು ಕೇಳಿದ್ದಕ್ಕೆ ಅಷ್ಟೇ ಹೇಳಿದ್ದು.
ಆಮೇಲೆ ಮಾಸ್ಕು ಸರಿಸಿ
ನನ್ನ ಬೆರಳು ಮೂಸಿದಳು.
"ಉಂಡೆ ಮಾಡಿದ್ದೀಯ."
ಹೌದು ಅಂದೆ.
"ಬ್ರೆಡ್ಡು ಹಾಲಲ್ಲಿ ತಾನೇ ನೆನೆಸಿದ್ದು?"
ಮೇಲೆ ಅವಳ ಅಡುಗೆಮನೆಯ ಕಿಟಕಿ
ಸಿಡಿದು ಹಿಮದ ಮೇಲೆ ಉದುರುತ್ತಿತ್ತು.
ಹೂಂ ಅಂದೆ. ಹಾಲಲ್ಲೇ.
ಸರಿ ಎಂಬಂತೆ ತಲೆಯಾಡಿಸಿ
ಮಾಸ್ಕು ತಾನೇ ಹಾಕಿಕೊಂಡಳು.

ಠಾಣೆಗೆ ಮರಳುವಾಗ ಹತ್ತೂವರೆ.
ಸ್ಪಗೆಟಿ ನೀರು ಕುಡಿದು ಕುಡಿದು
ಪಾತ್ರೆಯ ಆಕಾರಕ್ಕೇ ಊದಿ ನಿಂತಿತ್ತು.
ಬೋರಲು ಹಾಕಿದರೆ ಬೀಳಲಿಲ್ಲ. ಬುಡ ತಟ್ಟಿದೆ,
ಥಪ್ಪನೆ ಬಿತ್ತು, ಒಂದೇ ಮುದ್ದೆ.
ಯಾರೂ ನಗಲಿಲ್ಲ. ನಗುವುದಕ್ಕೂ ರಟ್ಟೆಯಲ್ಲಿ ಬಲ ಬೇಕು.
ಬುಸಾಕ್ಕಾ ಎದ್ದು ಚಾಕು ತಂದ,
ಕೇಕು ಕೊಯ್ದ ಹಾಗೆ ಒಂಬತ್ತು ಹೋಳು ಕೊಯ್ದ.
ಹೋಳಿಗೆ ಮೂರು ಉಂಡೆ, ಮೇಲೆ ಬಿಸಿ ಗೊಜ್ಜು.
ಕುತ್ತಿಗೆಯ ಮಸಿ ಕೂಡ ತೊಳೆಯದೆ ತಿಂದರು.
ಬುಸಾಕ್ಕಾ ಎರಡನೇ ಸಲ ತಟ್ಟೆ ಒಡ್ಡಿದ.
ಅವನ ಅಜ್ಜಿ ಹೇಗೆ ಮಾಡುತ್ತಿದ್ದಳೆಂದು ನಾನು ಕೇಳಲಿಲ್ಲ,
ಅವನೂ, ದೇವರು ದೊಡ್ಡವನು, ಹೇಳಲಿಲ್ಲ.
ಕ್ವಿಗ್ಲಿ ಮಾತ್ರ ಉಪ್ಪಿನ ಡಬ್ಬಿ ಹತ್ತಿರ ಎಳೆದುಕೊಂಡ.
ಹಾಗಾದರೆ ಅದು 'ಬೇಕು'.

ಎಲ್ಲ ಮಲಗಿದ ಮೇಲೆ ಪಾತ್ರೆ ಉಜ್ಜಿದೆ.
ಮೂರು ಸಲ ಸೋಪು ಹಚ್ಚಿದರೂ ಕೈಯಲ್ಲಿ
ಹೊಗೆಯೂ ಹೋಗಲಿಲ್ಲ, ಬೆಳ್ಳುಳ್ಳಿಯೂ.
ಫ್ರಿಜ್ಜಿನ ಬಾಗಿಲು ತೆರೆದು ನಿಂತೆ, ಏನಕ್ಕೋ.
ಹಾಲಿನ ಕ್ಯಾನು ಎದುರಿಗೇ ಇತ್ತು.
ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ.