ಸುಂಟಿಕೊಪ್ಪದಲ್ಲಿ ಕ್ರೂಸ್ ಕಂಟ್ರೋಲ್

"ಕೊಡಗಲ್ಲಿ ನೂರು ಮೀಟರ್ ನೆಟ್ಟಗಿರೋ ರಸ್ತೆ ತೋರಿಸಿ,
ಮಜೂರಿ ಬಿಟ್ಟುಬಿಡ್ತೇನೆ" ಅಂದ ಮೊಯ್ದು,
ರಟ್ಟಿನ ಪೆಟ್ಟಿಗೆಯೊಳಗೆ ಇಣುಕಿ.
ಕೊಯಮತ್ತೂರಿನ ಗುಜರಿಯಿಂದ ಬಂದ ಸಾಮಾನು:
ಕಪ್ಪು ರಬ್ಬರಿನ ಒಂದು ಗಾಳಿಚೀಲ, ಎರಡು ಅಯಸ್ಕಾಂತ,
ಮಣಿಸರದ ಹಾಗೊಂದು ಸಣ್ಣ ಸರಪಳಿ,
ಜರ್ಮನ್ ಭಾಷೆಯ ಕೈಪಿಡಿ. ಅದರಲ್ಲೂ ಹದಿನಾಲ್ಕನೇ ಪುಟ ಇಲ್ಲ.

ಚೋಂದಮ್ಮ ಉತ್ತರ ಕೊಡಲಿಲ್ಲ.
ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು
ಕಾರಿನಿಂದ ಹೊರಗಿಟ್ಟಳು, ಯಾರದೋ ಗಂಟು ಇಳಿಸುವಂತೆ.
ಆ ಮಂಡಿಯೊಳಗೆ ಈಗ ಇರುವುದು ಲೋಹ.
ಆಕ್ಸಿಲರೇಟರ್ ಮೇಲೆ ಅರ್ಧ ಗಂಟೆ ಇಟ್ಟರೆ
ಪಾದ ಜೋಮು ಹಿಡಿದು ಪರರದ್ದಾಗುತ್ತದೆ.

ಕಾರು ಮೂವತ್ತೊಂದು ವರ್ಷದ್ದು. ಎರಡೇ ಸೀಟು, ಐದು ಗೇರು,
ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಬೆಕ್ಕು.
ಆಟೋಮ್ಯಾಟಿಕ್ ತಗೋ ಎಂದವರಿಗೆಲ್ಲ ಅವಳದು ಒಂದೇ ಮಾತು:
"ಎಡಗಾಲು ಇನ್ನೂ ನನ್ನದೇ."

ನಾನು ಯಾರೆಂದರೆ, ಅವಳ ಎಡಗಡೆ ಸೀಟು.
ಹನ್ನೊಂದು ವರ್ಷ, ರ‍್ಯಾಲಿಗಳಲ್ಲಿ,
ಮಡಿಲಲ್ಲಿ ನೋಟ್‌ಬುಕ್ಕು, ತಲೆಗೆ ಹೆಲ್ಮೆಟ್ಟು,
ತಿರುವು ಬರುವ ಮುಂಚೆ ತಿರುವನ್ನು ಓದಿದವನು:
ಎಡಕ್ಕೆ ಮೂರು. ಬಲಕ್ಕೆ ಎರಡು, ಬಿಗಿ. ಏರು, ಆಚೆ ಕಾಣದು, ಒತ್ತು.
ಅವಳು ಒತ್ತುತ್ತಿದ್ದಳು,
ಕಾಣದ್ದನ್ನು ನನ್ನ ಬಾಯಿ ಕಂಡಿದೆಯೆಂದು ನಂಬಿ.
ಮಂಡಿ ಹೋದ ದಿನ ನಾನು ಒಂದರ ಬದಲು ಎರಡು ಹಾಳೆ ಮಗುಚಿದ್ದೆ.
ಆ ಮಾತು ನಾವು ಆಡುವುದಿಲ್ಲ.

ಈಗ ಮೊಯ್ದುವಿಗೆ ಟಾರ್ಚು ಹಿಡಿಯುವುದು ನನ್ನ ಕೆಲಸ.
ಚಕ್ರ ತಿರುಗಿಸುವ ದಂಡಕ್ಕೆ ಅಯಸ್ಕಾಂತ ಅಂಟಿಸಿದ,
ಎದುರಿಗೆ, ಸುತ್ತು ಎಣಿಸುವ ಸುರುಳಿ.
ಸರಪಳಿಯಲ್ಲಿ ಮಣಿ ಒಂದು ಹೆಚ್ಚಾಯಿತೆಂದು ಕತ್ತರಿಸಿದ.
ಎಂಜಿನ್ನಿನ ಉಸಿರಿನಿಂದ ಒಂದು ಪೈಪು ಕದ್ದು ಚೀಲಕ್ಕೆ ಕೊಟ್ಟ.
ಬ್ರೇಕ್ ಒತ್ತಿದರೆ ಬಿಡಬೇಕು. ಅದು ಸುಲಭ, ದೀಪದ ತಂತಿ ಇದ್ದೇ ಇದೆ.
ಕ್ಲಚ್ಚಿನದು ತಕರಾರು.

ಮೊದಲ ಪರೀಕ್ಷೆ ಮಾದಾಪುರದ ರಸ್ತೆಯಲ್ಲಿ.
ನಲವತ್ತಕ್ಕೆ ಗುಂಡಿ ಒತ್ತಿ, ಗೇರು ಬದಲಿಸಲು ಕ್ಲಚ್ ತುಳಿದದ್ದೇ
ಹೊರೆ ತಪ್ಪಿದ ಎಂಜಿನ್ನು ಕಿರುಚಿತು.
ಕಣದಲ್ಲಿ ಕಾಫಿ ಒಣಗಿಸುತ್ತಿದ್ದ ಹೆಂಗಸು ಗೋರೆ ಬಿಟ್ಟು ನಿಂತಳು.
ಕಾಲು ತುಳಿದದ್ದು ಬಿಡಲಿಕ್ಕೆ ಎಂದು ಯಂತ್ರಕ್ಕೆ ಗೊತ್ತಿಲ್ಲ.
ಎಳೆ, ಇನ್ನೂ ಎಳೆ. ಅದು ಕಲಿತ ಪಾಠ ಅಷ್ಟೇ.
"ಹದಿನಾಲ್ಕನೇ ಪುಟ ಇದೇ ಇರಬೇಕು" ಅಂದ ಮೊಯ್ದು.

ಮಾರನೆಯ ದಿನ ಕ್ಲಚ್ ಪೆಡಲಿನ ನೆತ್ತಿಗೆ
ಹಳೇ ಫ್ರಿಜ್ಜಿನ ಬಾಗಿಲ ಸ್ವಿಚ್ಚು ಕೂರಿಸಿ
ಬೆರಳಲ್ಲಿ ಒತ್ತಿದ. ಟಿಕ್.
"ತೆರೆದರೆ ದೀಪ, ಮುಚ್ಚಿದರೆ ಕತ್ತಲೆ.
ಇದಕ್ಕೆ ಎಂತ ಜರ್ಮನ್?"

ಆನೆಕಾಡು ಇಳಿದು, ಕುಶಾಲನಗರದಲ್ಲಿ ಎಡಕ್ಕೆ, ಕೂಡಿಗೆ ದಾಟಿ
ಹೆಬ್ಬಾಲೆಯ ಬಯಲು.
ಅಲ್ಲಿ ರಸ್ತೆ, ತಾನು ಕೊಡಗಿನದ್ದೆಂಬುದನ್ನು ಮರೆತಿದೆ.
ಅರವತ್ತು. ಗುಂಡಿ. ಅವಳು ಬಲಗಾಲು ತೆಗೆದಳು.
ಕಾರು ಗಮನಿಸಲಿಲ್ಲ.
ಇಲ್ಲದ ಪಾದದ ಕೆಳಗೆ ಪೆಡಲು ಒಂದಿಷ್ಟು ಇಳಿದು, ಏರಿ,
ಶುಂಠಿ ಮೂಟೆಯ ಟ್ರ್ಯಾಕ್ಟರು, ಶಾಲೆಯ ಗೋಡೆ, ಒಂದು ನಾಯಿ
ಒಂದೇ ವೇಗದಲ್ಲಿ ಹಿಂದೆ ಹೋದವು.
ಬಿಡುವಾದ ಕಾಲನ್ನು ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ,
ಬಾಯಿಯನ್ನು ಎಲ್ಲಿಡುವುದೆಂದು ನನಗೆ.
ನೆಟ್ಟಗಿನ ರಸ್ತೆಯಲ್ಲಿ ಓದಲು ಏನೂ ಇಲ್ಲ.

ಹಂಪು ಬಂತು. ಎಡಗಾಲು. ಟಿಕ್.
ಎಂಜಿನ್ನು ಕಿರುಚಲಿಲ್ಲ. ಬಿಟ್ಟಿತು.
"ನೂರು ಮೀಟರಿಗಿಂತ ಜಾಸ್ತಿಯೇ ಇತ್ತು ಅಂತ ಹೇಳು ಅವನಿಗೆ" ಅಂದಳು.
ಮಜೂರಿಯನ್ನು ಬೆಳಿಗ್ಗೆಯೇ ಕೊಟ್ಟಾಗಿತ್ತು.

ವಾಪಸು ಆನೆಕಾಡು. ಮಬ್ಬು ಕವಿಯುತ್ತಿತ್ತು.
ಅವಳು ಯಂತ್ರ ಆರಿಸಿದಳು.
ಲೋಹದ ಮಂಡಿ ಪೆಡಲಿಗೆ ಮರಳಿತು.
ಮೊದಲ ತಿರುವಿನ ಬಳಿ, ನನ್ನ ಕಡೆ ನೋಡದೆ,
"ಓದು."

ಮಡಿಲಲ್ಲಿ ಪುಸ್ತಕವಿರಲಿಲ್ಲ, ಕೈಗಳಿದ್ದವು.
ಬಲಕ್ಕೆ ನಾಲ್ಕು, ಅಂದೆ.
ಎಡಕ್ಕೆ ಎರಡು. ಆಚೆ ಕಾಣದು.
ಒತ್ತು.