ಎಂಟನೇ ಗುಂಡಿ

ಬಿ.ಎಚ್. ರಸ್ತೆಯಲ್ಲಿ ಕಂಡಕ್ಟರ್ ಇವತ್ತಿಗೂ ಕೂಗುತ್ತಾನೆ:
‘ಯಾರ್ರೀ ಎಂಟಂತಸ್ತು, ಇಳ್ಕೊಳ್ರೀ!’
ಇಳಿದು ಎಣಿಸಿ ನೋಡಿ.
ಇರುವುದು ಏಳೇ.

ಕೊಬ್ಬರಿ ಮಂಡಿಯವರು, ರೈಸ್ ಮಿಲ್ಲಿನವರು,
ಇಬ್ಬರು ವಕೀಲರು, ಒಬ್ಬ ಹಲ್ಲಿನ ಡಾಕ್ಟರು
ಸೇರಿ ಕಟ್ಟಿಸಿದ ಕ್ಲಬ್ಬು.
ಊರೆಲ್ಲ ಆಗಿನ್ನೂ ಹೆಂಚು, ಮಾಳಿಗೆ, ತಗಡು.
ಬೆಂಗಳೂರಿನ ರೈಲು ಕ್ಯಾತ್ಸಂದ್ರ ದಾಟುವ ಮೊದಲೇ
ನಮ್ಮದು ಕಾಣಬೇಕು ಎಂದಿದ್ದರಂತೆ
ಅಧ್ಯಕ್ಷ ಪುಟ್ಟರುದ್ರಯ್ಯನವರು.
ಕಂಡಿತು.
ದೇವರಾಯನದುರ್ಗದ ಮಂಗಗಳಿಗೂ ಕಂಡಿತು.

ಅವ್ವ ಅಲ್ಲಿ ಗಾರೆ ಹೊತ್ತಳು.
ಏಳನೆಯದರ ಮೇಲೆ ಬಾಂಡ್ಲಿ ಇಳಿಸಿ
ತನ್ನೂರ ಬೆಟ್ಟದ ಬೆನ್ನು ನೋಡಿ
ಮೇಸ್ತ್ರಿ ಬೈಯುವ ತನಕ ನಿಂತಿದ್ದಳಂತೆ.
ಬಾಗಿಲು ಕೂರಿಸಿದ ಮೇಲೆ
ಅವಳನ್ನು ಒಳಗೆ ಬಿಡಲಿಲ್ಲ.

ಅಪ್ಪನನ್ನು ಬಿಟ್ಟರು. ಖಾಕಿ ಹೊಲಿಸಿ,
ಲಿಫ್ಟಿನೊಳಗೆ ಒಂದು ಸ್ಟೂಲು ಕೊಟ್ಟು.
ಮೂಡಲಗಿರಿಯಪ್ಪ ಎಂದರೆ ಯಾರಿಗೂ ಗೊತ್ತಿಲ್ಲ,
‘ಲಿಫ್ಟು’ ಎಂದರೆ ತಿರುಗಿ ನೋಡುತ್ತಿದ್ದ.
ಸೋಮವಾರ ರಜಾ. ಕದ್ದು ನನ್ನ ಹತ್ತಿಸುತ್ತಿದ್ದ.
ಹಿತ್ತಾಳೆ ತಗಡಿನಲ್ಲಿ ಎಂಟು ಗುಂಡಿ.
ಕೊನೆಯದನ್ನು ಒತ್ತಿದರೆ ಏನೂ ಆಗದು.
‘ಎಂಟು ಎಲ್ಲಪ್ಪಾ?’
‘ಬತ್ತೈತೆ, ತಡಿ.’

ಬರಲಿಲ್ಲ. ಎಂಟರಲ್ಲಿ ಇಸ್ಪೀಟು ಕೋಣೆಯೋ
ಹೆಂಗಸರ ಕೋಣೆಯೋ ಎಂದು
ಮೂವತ್ತೊಂದು ಕೈ ಈ ಕಡೆ, ಮೂವತ್ತೊಂದು ಆ ಕಡೆ.
ಮುನ್ಸೀಫ್ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ.
ಹೆಂಗಸರನ್ನು ಯಾರೂ ಕೇಳಲಿಲ್ಲ.
ಅಷ್ಟೂ ವರ್ಷ
ಕಂದಾಯ ಮಾತ್ರ ಎಂಟಕ್ಕೇ ಕಟ್ಟಿದರು,
ಒಂದು ದಿನವೂ ತಪ್ಪಿಸದೆ.
ಏಳು ಎಂದು ಬರೆದುಕೊಡಲು
ಯಾವ ಅಧ್ಯಕ್ಷರಿಗೂ ಕೈ ಬರಲಿಲ್ಲ.

ಈಗ ಕೆಳಗೆ ಚಪ್ಪಲಿ ಅಂಗಡಿ, ಮೇಲೆ ನೀಟ್ ಕೋಚಿಂಗು,
ಅದರ ಮೇಲೆ ಯಾರೋ ಕಣ್ಣು ಪರೀಕ್ಷಿಸುತ್ತಾರೆ.
ಕ್ಲಬ್ಬು? ಇದೆ.
ಮೂರನೆಯದರಲ್ಲಿ ಒಂದು ಕೋಣೆ, ಒಂದು ಕೇರಂ ಬೋರ್ಡು,
ಬಿಳಿಯ ಕಾಯಿ ಎರಡು ಕಮ್ಮಿ.

ಪಾಲಿಕೆಯ ಕಂದಾಯ ಶಾಖೆಯವಳು ನಾನು,
ಮರು ಅಳತೆಗೆ ಬಂದಿದ್ದೇನೆ.
ಲಿಫ್ಟು ನಿಂತು ಎಷ್ಟೋ ಕಾಲ. ಒಳಗೆ ಪೊರಕೆ, ಫಿನಾಯಿಲು.
ಗುಂಡಿಗಳಲ್ಲಿ ಎಂಟೇ ಹೆಚ್ಚು ಸವೆದಿದೆ.
ಹಾಗಾದರೆ ನಾನೊಬ್ಬಳೇ ಅಲ್ಲ.

ಮೆಟ್ಟಿಲು ಹತ್ತಿದೆ, ಮಂಡಿ ಹಿಡಿದುಕೊಂಡು.
ಮೇಲೆ ಕಂಬಗಳಿಂದ ಎದ್ದ ಕಂಬಿಗಳು, ತುಕ್ಕು,
ಯಾರದೋ ಒಣಗಿದ ಸೀರೆ, ಪಾರಿವಾಳದ ಹಿಕ್ಕೆ.
ಬೆಟ್ಟ ಇತ್ತು. ಬೆನ್ನೇ.

ಟೇಪಿನ ಇನ್ನೊಂದು ತುದಿ ಹಿಡಿಯುವವರಿಲ್ಲ.
ಕಂಬಿಗೆ ಸಿಕ್ಕಿಸಿ ಎಳೆದೆ.
ಅಗಲ ನಲವತ್ತೆರಡು ಅಡಿ ಎಂದು ಬರೆದು
ಎತ್ತರದ ಕಾಲಂ
ಹಾಗೇ ಬಿಟ್ಟೆ.