ಮೂಲಂಗಿ ಮನೆತನ

ಸ್ಟಾಕ್ಟನ್ನಿನ ದಾಖಲೆ ಕಚೇರಿಯ ಮೂರನೇ ಕಿಟಕಿ ನನ್ನದು.
ಜನನ, ಮರಣ, ಮದುವೆ, ಜಮೀನು;
ನಕಲೊಂದಕ್ಕೆ ಇಷ್ಟು ಡಾಲರು, ಮುದ್ರೆ ಬೇಕಿದ್ದರೆ ಇನ್ನಷ್ಟು.
ಎದೆಯ ಮೇಲೆ ಹೆಸರಿನ ಬಿಲ್ಲೆ: ಉಳ್ಳಾಗಡ್ಡಿ.
ಹತ್ತೊಂಬತ್ತು ವರ್ಷದಿಂದ ಯಾರೂ ಅದನ್ನು ಪೂರ್ತಿ ಓದಿಲ್ಲ.

ಮಂಗಳವಾರ ಬಂದಳು ಫ್ಲಾವಿಯಾನಾ ರಬಾನೊ,
ಎಪ್ಪತ್ತೆಂಟು, ಊರುಗೋಲು, ತುಟಿಗೆ ಗಾಢ ಕೆಂಪು,
ಶೂ ಡಬ್ಬಿಯ ತುಂಬ ಅಪ್ಪ.

ಹಡಗಿನ ಪಟ್ಟಿಯಲ್ಲಿ ಅವನು ರವಾನೊ,
ರವಾನೆಯಾದ ಸರಕಿನ ಹಾಗೆ.
ಆಸ್ಪರಾಗಸ್ ಹೊಲದ ಕೂಲಿ ಪುಸ್ತಕದಲ್ಲಿ ಬರೀ ನಲವತ್ತೊಂದು.
ಮೇಸ್ತ್ರಿಗೆ ಎಲ್ಲರೂ ಪೀಟ್;
ಕರೆದರೆ ಹನ್ನೆರಡು ಬೆನ್ನು ಒಟ್ಟಿಗೆ ನೆಟ್ಟಗಾಗುತ್ತಿದ್ದವು.
ಗೋರಿಯ ಮೇಲೆ ರಬ್ಬಾನೊ:
ಕಲ್ಲುಕುಟಿಗ ಒಂದು ಬಿ ಪುಕ್ಕಟೆ ಕೊಟ್ಟಿದ್ದ.
"ಅಪ್ಪ ಬಿಳಿ ಸೂಟು ತೊಟ್ಟು ಕುಣಿಯಲು ಹೋಗುತ್ತಿದ್ದ ಬೀದಿ
ಈಗ ಹೆದ್ದಾರಿಯ ಕೆಳಗಿದೆ," ಅಂದಳು.
"ಅದರ ದಾಖಲೆ ಇದ್ದರೆ ಅದನ್ನೂ ಕೊಡಿ."

ಇತ್ತು. ಕೆಡವಿದ್ದಕ್ಕೆ ದಾಖಲೆ ಇದ್ದೇ ಇರುತ್ತದೆ,
ಮೂರು ಪ್ರತಿಗಳಲ್ಲಿ.

ಊಟದ ಬಿಡುವಿನಲ್ಲಿ ಅವಳ ಜೊತೆ ಕೂತೆ, ನಿಯಮ ಮೀರಿ.
ತಂಗಿಯ ಮೊಮ್ಮಗ ಇಲೊಕೋಸಿನ ಇಗರ್ಜಿಯಿಂದ
ಹಳೆಯ ಪುಸ್ತಕದ ಫೋಟೊ ಕಳಿಸಿದ್ದ.
ಸಾವಿರದ ಎಂಟುನೂರ ನಲವತ್ತೊಂಬತ್ತು. ಗವರ್ನರನ ಅಪ್ಪಣೆ:
ದ್ವೀಪದ ಜನಕ್ಕೆಲ್ಲ ಮನೆಹೆಸರು ಇರತಕ್ಕದ್ದು,
ಇಲ್ಲದಿದ್ದರೆ ಕಂದಾಯ ಕೇಳಲು ಯಾರ ಬಾಗಿಲು ಬಡಿಯುವುದು?
ಶಬ್ದಗಳ ದೊಡ್ಡ ಪಟ್ಟಿ ಬಂತು.
ಪುಟ ಹರಿದು ಊರೂರಿಗೆ ಹಂಚಿದರು.
ಇವರ ಊರಿನ ಪಾಲಿಗೆ ಬಿದ್ದದ್ದು ರಕಾರ.
ಪಾದ್ರಿಯ ಮೇಜಿನ ಮುಂದೆ ಸಾಲು.
ಫ್ಲಾವಿಯಾನಾಳ ಅಜ್ಜನ ಅಜ್ಜ ರಬಾನೊ ಆಗಿ ಹೊರಬಂದ,
ಅಂದರೆ ಮೂಲಂಗಿ.
ಅವನ ಹಿಂದಿದ್ದವನು ರಾಮೊ, ಕೊಂಬೆ.
ಅವನ ಹಿಂದಿನವನು ರಾನಾ, ಕಪ್ಪೆ.
ಮೂಲಂಗಿಯ ರುಚಿ ಅವನಿಗೆ ಗೊತ್ತಿತ್ತೋ ಇಲ್ಲವೋ.

ಬಿಲ್ಲೆ ಬಿಚ್ಚಿ ಅವಳ ಕೈಗಿಟ್ಟು ಅರ್ಥ ಹೇಳಿದೆ.
ಅಂಗಳದ ಬೆಂಚಿನ ಮೇಲೆ ಒಂದು ಉಳ್ಳಾಗಡ್ಡಿ, ಒಂದು ಮೂಲಂಗಿ
ನಕ್ಕೂ ನಕ್ಕೂ ಕೆಮ್ಮಿದವು.

ನನ್ನದು ಬೇರೆ ಕಥೆ. ನವಲಗುಂದದ ಕಡೆ ಸುಗ್ಗಿ ಮುಗಿದ ಮೇಲೆ
ಎತ್ತಿನ ಮೇಲೆ ಬರುತ್ತಿದ್ದ ಹೆಳವ,
ಗಂಟೆ ಬಾರಿಸುತ್ತ, ನೆಲಕ್ಕೆ ಕಾಲಿಡದೆ,
ಏಳು ತಲೆ ಒಪ್ಪಿಸುತ್ತಿದ್ದ:
"ಬೆಣ್ಣಿಹಳ್ಳ ಬಂದಾಗ ನಿಮ್ಮ ಮುತ್ಯಾನ ಮುತ್ಯಾನ ಚಕ್ಕಡಿ ಮಗಚಿ
ಮೂರು ಊರಿನತನಕ ಉಳ್ಳಾಗಡ್ಡಿ ತೇಲಿದ್ವು, ಯವ್ವಾ!"
ಅವ್ವ ಮೊರದ ತುಂಬ ಜೋಳ ಸುರಿಯುವಳು.
ಒಂದು ವರ್ಷ ಕಡಿಮೆ ಸುರಿದಳು; ಐದೇ ತಲೆಗೆ ನಿಲ್ಲಿಸಿ ಎತ್ತು ತಿರುಗಿಸಿದ.

ಎತ್ತಿಲ್ಲದ ಹೆಳವ ನಾನೀಗ, ಗಾಜಿನ ಹಿಂದೆ.

ಫೋಟೊ ಹಿಗ್ಗಿಸಿ ನೋಡಿದೆವು.
ರಬಾನೊ ಪಕ್ಕದ ಅಂಚಿನಲ್ಲಿ, ಸಣ್ಣಗೆ, ಪಾದ್ರಿಯ ಕೈಬರಹ:
ಮೊದಲು ಬೇರೆ ಹೆಸರಿತ್ತು. ಬರೆಯುವಂಥದ್ದಲ್ಲ.

ಬರೆಯುವಂಥದ್ದಲ್ಲ ಅಂದರೆ?
ಬೈಗುಳವೇ, ದೇವರೇ,
ಅವರ ಲಿಪಿಗೆ ದಕ್ಕದ ಯಾವುದೋ ಹಕ್ಕಿಯ ಕೂಗೇ?

ಫ್ಲಾವಿಯಾನಾ ಕನ್ನಡಕ ತೆಗೆದಳು.
ಇಲ್ಲಿಯ ಹೊಲವೂ ಕಪ್ಪು, ನಮ್ಮ ಎರೆಯ ಬಣ್ಣದ್ದೇ;
ಅದರ ಧೂಳಿನ ತುರಿಕೆ ತಾಳದ ರಾತ್ರಿ, ಕುಡಿದು,
ಅಪ್ಪ ಒಂದು ಶಬ್ದ ಅನ್ನುತ್ತಿದ್ದನಂತೆ,
ಬಾಗಿಲ ಕಡೆ ಮುಖ ಮಾಡಿ, ಯಾರನ್ನೋ ಕರೆದಂತೆ.
ಮಕ್ಕಳ ಮುಂದೆ ಬೇಡ ಅಂತ ಅವಳ ತಾಯಿ ಕದ ಹಾಕುತ್ತಿದ್ದಳು.
"ಅದೇ ಇರಬಹುದು. ಅಲ್ಲದೆಯೂ ಇರಬಹುದು."
ಹೇಳಲು ಹೋದಳು.
ಮೊದಲ ಅಕ್ಷರಕ್ಕೆ ನಾಲಿಗೆ ಎದ್ದಿತು, ಅಲ್ಲೇ ನಿಂತಿತು.

ಒಂದೂಕಾಲಿಗೆ ಕಿಟಕಿ ತೆರೆದೆ.
ನಕಲು ಆರು, ಮುದ್ರೆ ಎರಡು.
ಚೆಕ್ಕಿಗೆ ಸಹಿ ಹಾಕುವಾಗ ಕೇಳಿದಳು:
"ಒಂದು ಬಿ ಹಾಕಲೋ, ಎರಡೋ?"
ಬ್ಯಾಂಕಿಗೆ ಯಾವುದು ಗೊತ್ತೋ ಅದು, ಅಂದೆ.

ನನ್ನ ಬಿಲ್ಲೆ ಅವಳ ಶೂ ಡಬ್ಬಿಯಲ್ಲೇ ಹೋಯಿತು.
ಹೊಸದಕ್ಕೆ ಅರ್ಜಿ ಹಾಕಿದ್ದೇನೆ,
ಒಂದೊಂದೇ ಅಕ್ಷರ ಬಿಡಿಸಿ, ದೊಡ್ಡದಾಗಿ ಬರೆದು.
ನೋಡೋಣ, ಏನಾಗಿ ಬರುತ್ತೇನೋ.